ಅಮ್ಮತ್ತಿಯಿಂದ ಹೊರಟ ಕಾಲಯಾನ

ಕೊಡಗಿನ ಚರಿತ್ರೆ, ಪ್ರೇಮಕಥೆ ಮತ್ತು ನಮ್ಮ ಹದಿಹರೆಯದ ಓದುಗರು

ಕಳೆದುಹೋದ ಕಾಲಕ್ಕೆ ಮರಳಬೇಕು, ಇಲ್ಲವೇ ಬರಲಿರುವ ಕಾಲವನ್ನು ಮೊದಲೇ ನೋಡಬೇಕು ಎಂಬುದು ಮನುಷ್ಯನ ಬಹಳ ಹಳೆಯ ಆಸೆ. ಕುರ್‌ಆನಿನ 18ನೇ ಅಧ್ಯಾಯದಲ್ಲಿ ಬರುವ ಗುಹಾವಾಸಿಗಳ ವೃತ್ತಾಂತವನ್ನು ಮದ್ರಸಾಕ್ಕೆ ಹೋದ ಪ್ರತಿಯೊಂದು ಮಗುವೂ ಬಲ್ಲದು. ಮುನ್ನೂರಕ್ಕೂ ಹೆಚ್ಚು ವರ್ಷ ನಿದ್ರಿಸಿ ಎದ್ದ ಆ ಯುವಕರು, ಆಹಾರ ತರಲು ತಮ್ಮಲ್ಲೊಬ್ಬನನ್ನು ಬೆಳ್ಳಿಯ ನಾಣ್ಯದೊಂದಿಗೆ ಪಟ್ಟಣಕ್ಕೆ ಕಳಿಸುತ್ತಾರೆ. ತಾವು ಮಲಗಿದ್ದು ಒಂದು ದಿನವೋ ಅದಕ್ಕಿಂತ ಕಡಿಮೆಯೋ ಎಂದು ಅವರು ಭಾವಿಸಿದ್ದರು. ಭಾಗವತದಲ್ಲಿ ಕಕುದ್ಮಿ ಎಂಬ ಅರಸನ ಕಥೆಯಿದೆ. ಮಗಳು ರೇವತಿಗೆ ಯೋಗ್ಯ ವರ ಯಾರೆಂದು ಕೇಳಲು ಆತ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಒಂದು ಸಂಗೀತ ಮುಗಿಯುವವರೆಗೆ ಕಾಯುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಲ್ಲಿ ಒಬ್ಬನೂ ಉಳಿದಿರುವುದಿಲ್ಲ.

ಆಧುನಿಕ ಸಾಹಿತ್ಯದಲ್ಲಿ ಈ ಆಸೆ ಒಂದು ಪ್ರಕಾರವಾಗಿಯೇ ಬೆಳೆಯಿತು. 1889ರಲ್ಲಿ ಮಾರ್ಕ್ ಟ್ವೇನ್ ಒಬ್ಬ ಅಮೆರಿಕನ್ನನನ್ನು ಆರ್ಥರ್ ರಾಜನ ಕಾಲಕ್ಕೆ ಕಳಿಸಿದರು. 1895ರಲ್ಲಿ ಎಚ್.ಜಿ. ವೆಲ್ಸ್ ಕಾಲದಲ್ಲಿ ಸಂಚರಿಸುವ ಯಂತ್ರವನ್ನೇ ಕಲ್ಪಿಸಿದರು. 1991ರಲ್ಲಿ ಬಂದ ತೆಲುಗಿನ 'ಆದಿತ್ಯ 369' ಚಿತ್ರ ತನ್ನ ಪಾತ್ರಗಳನ್ನು ನಮ್ಮ ವಿಜಯನಗರಕ್ಕೆ, ಕೃಷ್ಣದೇವರಾಯನ ಆಸ್ಥಾನಕ್ಕೆ ಕರೆದೊಯ್ದಿತು. ಅದೇ ವರ್ಷ ಡಯಾನಾ ಗ್ಯಾಬಲ್ಡನ್ ಅವರ 'ಔಟ್‌ಲ್ಯಾಂಡರ್' ಪ್ರಕಟವಾಗಿ, ಚರಿತ್ರೆಯನ್ನೂ ಪ್ರೇಮವನ್ನೂ ಬೆರೆಸಿದ ಕಾಲಯಾನದ ಕಾದಂಬರಿಗಳಿಗೆ ದೊಡ್ಡ ಓದುಗ ವರ್ಗವಿದೆ ಎಂಬುದನ್ನು ತೋರಿಸಿತು. ಇಂದು ಹದಿಹರೆಯದವರಿಗಾಗಿ ಇಂತಹ ಕಾದಂಬರಿಗಳು ಇಂಗ್ಲಿಷಿನಲ್ಲಿ ರಾಶಿರಾಶಿಯಾಗಿ ಬರುತ್ತಿವೆ. ಅವುಗಳ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಹದಿನಾರು ಹದಿನೇಳರ ಹುಡುಗಿ, ಒಂದು ಹಳೆಯ ಮನೆ, ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಉಂಗುರ ಅಥವಾ ಪತ್ರ. ಕಣ್ಣು ಬಿಟ್ಟಾಗ ಇನ್ನೂರು ವರ್ಷ ಹಿಂದಿನ ಲೋಕ. ಅಲ್ಲೊಬ್ಬ ಹುಡುಗ, ಅಲ್ಲೊಂದು ಯುದ್ಧ. ಕೊನೆಗೆ ಅಲ್ಲೇ ಉಳಿಯಬೇಕೇ, ಮರಳಿ ಬರಬೇಕೇ ಎಂಬ ಸಂಕಟ.

ಇಂತಹ ಒಂದು ಕಾದಂಬರಿ ಕೊಡಗಿನ ಅಮ್ಮತ್ತಿಯಿಂದ ಹೊರಟರೆ ಏನಾದೀತು? ಕಥಾನಾಯಕಿ ಎಲ್ಲಿ ಇಳಿಯುತ್ತಾಳೆ, ಯಾರನ್ನು ನೋಡುತ್ತಾಳೆ, ಯಾರನ್ನು ಪ್ರೀತಿಸುತ್ತಾಳೆ? ಪ್ರಶ್ನೆ ಕಾಲ್ಪನಿಕ. ಆದರೆ ಇದಕ್ಕೆ ಉತ್ತರ ಹುಡುಕಲು ಹೊರಟರೆ ನಿಜವಾದ ಚರಿತ್ರೆಯೇ ಎದುರು ನಿಲ್ಲುತ್ತದೆ. ಅಷ್ಟೇ ಅಲ್ಲ, ಚರಿತ್ರೆಯ ಹೆಸರಿನಲ್ಲಿ ನಮ್ಮ ಮಕ್ಕಳ ಕೈಗೆ ನಾವು ಏನನ್ನು ಕೊಡುತ್ತಿದ್ದೇವೆ ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ.

ಕಾಫಿ ಇಲ್ಲದ ಅಮ್ಮತ್ತಿ

ವಿರಾಜಪೇಟೆಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಅಮ್ಮತ್ತಿ ಇಂದು ಒಂದು ಹೋಬಳಿ ಕೇಂದ್ರ. ಸುತ್ತ ಕಾಫಿ ತೋಟಗಳು, ನೆರಳಿಗೆ ಸಿಲ್ವರ್ ಓಕ್ ಮರಗಳು, ಮರಗಳನ್ನು ತಬ್ಬಿದ ಕರಿಮೆಣಸಿನ ಬಳ್ಳಿಗಳು. ಪೇಟೆಯಲ್ಲಿ ನಿಂತರೆ ಕೊಡವ ತಕ್ಕ್, ಕನ್ನಡ, ಮಲಯಾಳ, ತಮಿಳು ಒಂದರ ಹಿಂದೊಂದು ಕಿವಿಗೆ ಬೀಳುತ್ತವೆ. ಇದು ಯಾವತ್ತೂ ಹೀಗೆಯೇ ಇತ್ತು ಎಂದು ಭಾವಿಸುವುದು ಸುಲಭ.

ನಮ್ಮ ಕಥಾನಾಯಕಿ ಇನ್ನೂರು ವರ್ಷ ಹಿಂದಕ್ಕೆ ಹೋದರೆ ಮೊದಲು ಕಾಣೆಯಾಗುವುದು ಈ ತೋಟಗಳೇ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ, ಆಗ ಇಲ್ಲಿ ಅದರ ಸುಳಿವೇ ಇರಲಿಲ್ಲ. ಕೊಡಗಿನಲ್ಲಿ ಐರೋಪ್ಯನೊಬ್ಬ ಮೊದಲ ಕಾಫಿ ತೋಟ ತೆರೆದದ್ದು 1854ರಲ್ಲಿ, ಮಡಿಕೇರಿಯಲ್ಲಿ. ಆತನ ಹೆಸರು ಫೌಲರ್. ಅದಕ್ಕಿಂತ ಮೊದಲು ಇಲ್ಲಿದ್ದುದು ಕಾಡು, ಬಿದಿರ ಮೆಳೆ, ಕಣಿವೆಗಳಲ್ಲಿ ಭತ್ತದ ಗದ್ದೆ, ದೂರದೂರಕ್ಕೆ ಒಂದೊಂದು ಐನ್‌ಮನೆ. ತಾಲೂಕು, ಹೋಬಳಿಗಳ ಬದಲು ನಾಡುಗಳಿದ್ದವು. ನಾಡುಗಳ ಗಡಿಗಳಲ್ಲಿ 'ಕಡಂಗ' ಎಂದು ಕರೆಯುವ ಆಳವಾದ ಕಂದಕಗಳಿದ್ದವು. ಅವುಗಳ ಕುರುಹು ಇಂದಿಗೂ ಅಲ್ಲಲ್ಲಿ ಉಳಿದಿದೆ.

ಹಾಗೆಂದು ಕಾಫಿ ಬ್ರಿಟಿಷರೇ ತಂದ ಬೆಳೆಯೂ ಅಲ್ಲ. ಬಾಸೆಲ್ ಮಿಶನ್ನಿನ ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಗೆಜೆಟಿಯರಿನಲ್ಲಿ ಒಂದು ಕುತೂಹಲಕರ ಸಂಗತಿ ಇದೆ. ರಾಜರ ಕಾಲದಲ್ಲಿ ನಾಲ್ಕುನಾಡಿನ ಬಳಿ ಭೂಮಿ ಪಡೆದಿದ್ದ ಕೆಲವು ಮಾಪ್ಪಿಳೆಗಳು ಕಾಫಿ ಗಿಡಗಳನ್ನು ತಂದು ಬೆಳೆಸಿದ್ದರಂತೆ. ಅದರ ಲಾಭ ಬೇರೆಯವರಿಗೆ ತಿಳಿಯದಿರಲೆಂದು, ಈ ಗಿಡ ಬೇರೆಲ್ಲೂ ಬೆಳೆಯದು ಎಂಬ ನಂಬಿಕೆಯನ್ನು ಹಬ್ಬಿಸಿದ್ದರಂತೆ. ಕೊಡಗಿನ ಮುಸ್ಲಿಮರೆಂದರೆ ನಿನ್ನೆ ಮೊನ್ನೆ ಘಟ್ಟ ಹತ್ತಿ ಬಂದ ವ್ಯಾಪಾರಿಗಳು ಎಂದು ತಿಳಿದವರು ಈ ಪುಟವನ್ನು ಓದಬೇಕು. ಅರಮನೆಯ ನೆರಳಿನಲ್ಲಿ, ರಾಜ ಕೊಟ್ಟ ಭೂಮಿಯಲ್ಲಿ, ಕೊಡಗಿನ ಭವಿಷ್ಯವನ್ನೇ ಬದಲಿಸಲಿದ್ದ ಬೆಳೆಯನ್ನು ಸದ್ದಿಲ್ಲದೆ ಬೆಳೆಯುತ್ತಿದ್ದವರು ಅವರು.

ತೋಟದ ಇನ್ನೊಂದು ಮುಖವನ್ನೂ ಆಕೆ ನೋಡಬೇಕಾಗುತ್ತದೆ. ಅರಮನೆ, ಕುದುರೆ, ಕತ್ತಿಗಳ ಕಥೆಗಳಲ್ಲಿ ಗದ್ದೆಗೆ ಇಳಿದವರು ಸಾಮಾನ್ಯವಾಗಿ ಕಾಣುವುದಿಲ್ಲ. ಆ ಕಾಲದ ಕೊಡಗಿನಲ್ಲಿ ಯರವರು ಒಡೆಯರ ಭೂಮಿಗೆ ಅಂಟಿಕೊಂಡ ಜೀತದಾಳುಗಳಾಗಿದ್ದರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ ಕಾಯಿದೆ ಕಂಪೆನಿಯ ಆಡಳಿತದಲ್ಲಿ ಬಂದದ್ದು 1843ರಲ್ಲಿ. ಜೀತ ನಿರ್ಮೂಲನಾ ಕಾಯಿದೆಗಾಗಿ ಸ್ವತಂತ್ರ ಭಾರತ 1976ರವರೆಗೆ ಕಾಯಬೇಕಾಯಿತು. ಹಿಂದಿನ ಕಾಲಕ್ಕೆ ಹೋದರೆ ತಾನು ರಾಜಕುಮಾರಿಯಾಗಿರುತ್ತೇನೆ ಎಂದು ಎಲ್ಲರೂ ಕಲ್ಪಿಸಿಕೊಳ್ಳುತ್ತಾರೆ. ಯರವರ ಹುಡುಗಿ ಅದೇ ಕಾಲಕ್ಕೆ ಹೋದರೆ ಯಾರಾಗಿರುತ್ತಾಳೆ ಎಂಬ ಪ್ರಶ್ನೆಯನ್ನು ಒಳ್ಳೆಯ ಕಾದಂಬರಿ ತಪ್ಪಿಸಿಕೊಳ್ಳಲಾರದು.

1785: ತಪ್ಪಿಸಿಕೊಳ್ಳಲಾಗದ ನಿಲ್ದಾಣ

ಕೊಡಗಿನಿಂದ ಹೊರಟ ಯಾವ ಕಾಲಯಾನವೂ ಹದಿನೆಂಟನೇ ಶತಮಾನದ ಕೊನೆಯನ್ನು ಬಳಸಿ ಹೋಗಲಾರದು. ಹಾಲೇರಿ ವಂಶದ ಲಿಂಗಾಯತ ಅರಸರು ಆಳುತ್ತಿದ್ದ ಕೊಡಗು, ಹೈದರಾಲಿಯ ಕಾಲದಲ್ಲಿ ಮೈಸೂರಿನ ಹಿಡಿತಕ್ಕೆ ಬಂತು. 1780ರಲ್ಲಿ ಲಿಂಗರಾಜ ತೀರಿಕೊಂಡ ಮೇಲೆ ಅವನ ಮಕ್ಕಳು ಮೊದಲು ಗೊರೂರಿನಲ್ಲಿ, ಅನಂತರ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದರು. ಕೊಡವರು ಮತ್ತೆ ಮತ್ತೆ ದಂಗೆಯೆದ್ದರು. ಟಿಪ್ಪು ಸುಲ್ತಾನ್ ದಂಗೆಯನ್ನು ಅಡಗಿಸಲು ಬಂದು, 1785ರ ಸುಮಾರಿಗೆ ದೊಡ್ಡ ಸಂಖ್ಯೆಯಲ್ಲಿ ಕೊಡಗಿನ ಗಂಡಸರು, ಹೆಂಗಸರು, ಮಕ್ಕಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹಲವರನ್ನು ಮತಾಂತರಿಸಿ 'ಅಹಮದಿ' ಎಂಬ ಪಡೆಗೆ ಸೇರಿಸಲಾಯಿತು.

ಸೆರೆಯಾದವರು ಎಷ್ಟು ಮಂದಿ? ಎಪ್ಪತ್ತು ಸಾವಿರ, ಎಂಬತ್ತು ಸಾವಿರ ಎಂದೆಲ್ಲ ಹಳೆಯ ಗ್ರಂಥಗಳು ಹೇಳುತ್ತವೆ. ಕೊಡಗಿನಲ್ಲಿ 1871ರಲ್ಲಿ ಜನಗಣತಿ ನಡೆದಾಗ ಎಲ್ಲ ಜಾತಿ ಮತಗಳವರೂ ಸೇರಿ ಇದ್ದ ಜನಸಂಖ್ಯೆ 1,68,312. ಆದ್ದರಿಂದ ಆ ಹಳೆಯ ಅಂಕಿಗಳನ್ನು ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ಚರ್ಚೆ ಇರಲಿ. ಆದರೆ ಅಂಕಿಯ ಮೇಲಿನ ಚರ್ಚೆ ಘಟನೆಯನ್ನೇ ಅಳಿಸಿಹಾಕುವ ಉಪಾಯವಾಗಬಾರದು. ಮನೆಯಿಂದ ಎಳೆದೊಯ್ಯಲ್ಪಟ್ಟ ತಾಯಿಗೆ ತಾನು ಎಂಟು ಸಾವಿರದಲ್ಲಿ ಒಬ್ಬಳೋ ಎಂಬತ್ತು ಸಾವಿರದಲ್ಲಿ ಒಬ್ಬಳೋ ಎಂಬುದರಿಂದ ದುಃಖದಲ್ಲಿ ವ್ಯತ್ಯಾಸವಾಗದು. ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ಮಡಿದ ಟಿಪ್ಪುವನ್ನು ಗೌರವಿಸುವವರು ಕೊಡಗಿನ ಈ ನೋವನ್ನು ಒಪ್ಪಿಕೊಳ್ಳುವುದರಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ಒಪ್ಪಿಕೊಳ್ಳದಿದ್ದರೆ ನೆರೆಮನೆಯವನ ವಿಶ್ವಾಸವನ್ನು ಕಳೆದುಕೊಳ್ಳುತ್ತಾರೆ.

ಸೆರೆಯಾದವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1792ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಶ್ರೀರಂಗಪಟ್ಟಣವನ್ನು ಮುತ್ತಿದ ಗೊಂದಲದಲ್ಲಿ ಸಾವಿರಾರು ಮಂದಿ ತಪ್ಪಿಸಿಕೊಂಡು ಊರಿಗೆ ಮರಳಿದರು. ಮರಳಿದವರಲ್ಲಿ ಕೆಲವರು ಮುಸ್ಲಿಮರಾಗಿಯೇ ಉಳಿದರು. ಕೊಡವ ಮಾಪ್ಪಿಳೆ ಅಥವಾ ಜಮ್ಮಾ ಮಾಪ್ಪಿಳೆ ಎಂದು ಕರೆಯಲ್ಪಡುವ ಸಮುದಾಯದ ಮೂಲವನ್ನು ಸಾಮಾನ್ಯವಾಗಿ ಹೀಗೆ ವಿವರಿಸುತ್ತಾರೆ. ಅವರಿಗೆ ಇಂದಿಗೂ ಕೊಡವ ಮನೆತನದ ಹೆಸರುಗಳಿವೆ. ಮನೆಮಾತು ಕೊಡವ ತಕ್ಕ್. ಮದುವೆ ಸಂಬಂಧಗಳು ಮಲಬಾರಿನಿಂದ ಬಂದ ಮಾಪ್ಪಿಳೆಗಳೊಂದಿಗೂ ಬೆಳೆದವು. ಕೊಡಗಿನ ಎಲ್ಲ ಮುಸ್ಲಿಮರೂ ಈ ಮೂಲದವರಲ್ಲ. ಘಟ್ಟ ಹತ್ತಿ ಬಂದ ಮಲಯಾಳಿ ವ್ಯಾಪಾರಿಗಳು, ಉರ್ದು ಮಾತಾಡುವವರು, ಕರಾವಳಿಯ ಬ್ಯಾರಿಗಳು, ತೋಟದ ಕೆಲಸಕ್ಕೆ ಬಂದವರು, ಹೀಗೆ ಅನೇಕ ಧಾರೆಗಳಿವೆ. ಆದರೆ ಕಾದಂಬರಿಕಾರನಿಗೆ ಬೇಕಾದ ಹುಡುಗಿ ಕೊಡವ ಮಾಪ್ಪಿಳೆ ಮನೆಯವಳು.

ಏಕೆಂದರೆ ಆಕೆಯ ಎದುರಿಗಿರುವ ಪ್ರಶ್ನೆಯಂಥದು ಬೇರೆ ಯಾರ ಎದುರಿಗೂ ಇಲ್ಲ. ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ 1979ರಲ್ಲಿ 'ಕಿಂಡ್ರೆಡ್' ಎಂಬ ಕಾದಂಬರಿ ಬರೆದರು. ಅದರ ನಾಯಕಿ ಡಾನಾ 1976ರ ಕ್ಯಾಲಿಫೋರ್ನಿಯಾದಿಂದ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಮತ್ತೆ ಮತ್ತೆ ಸೆಳೆಯಲ್ಪಡುತ್ತಾಳೆ. ಅಲ್ಲಿ ಆಕೆ ಗುಲಾಮರ ಒಡೆಯನ ಮಗನ ಜೀವವನ್ನು ಉಳಿಸಬೇಕಾಗುತ್ತದೆ. ಅವನು ಬದುಕಿದರೆ ಮಾತ್ರ ಆಕೆಯ ವಂಶ ಹುಟ್ಟುತ್ತದೆ. ಅವನು ಕ್ರೂರಿ, ಆದರೂ ಅವಳ ಪೂರ್ವಜ. ಆ ಹಿಂಸೆ ನಡೆಯದಿದ್ದರೆ ಅವಳೇ ಇರುತ್ತಿರಲಿಲ್ಲ.

ಅಮ್ಮತ್ತಿಯ ನಮ್ಮ ಹುಡುಗಿ 1785ರಲ್ಲಿ ಇಳಿದರೆ ಎದುರಿಸುವುದು ಇದೇ ಇಕ್ಕಟ್ಟನ್ನು. ಸೆರೆಯವರ ಸಾಲಿನಲ್ಲಿ ನಡೆಯುತ್ತಿರುವ ಹೆಣ್ಣು ಅವಳ ಮುತ್ತಜ್ಜಿಯ ಮುತ್ತಜ್ಜಿ. ಆಕೆಯನ್ನು ಬಿಡಿಸಬೇಕೆಂದು ಮೊಮ್ಮಗಳ ಕರುಳು ಹೇಳುತ್ತದೆ. ಬಿಡಿಸಿದರೆ ಈ ಮೊಮ್ಮಗಳು, ಅವಳ ಹೆಸರು, ಅವಳ ನಮಾಝು, ಅವಳ ಮನೆ ಯಾವುದೂ ಉಳಿಯದು. ಆ ದಿನವನ್ನು ಆಕೆ ಸಂಭ್ರಮಿಸಲಾರಳು, ಇಲ್ಲವೆನ್ನಲೂ ಆರಳು. ತನ್ನ ಧರ್ಮವನ್ನು ಪ್ರೀತಿಸುತ್ತಲೇ, ಅದು ತನ್ನ ಮನೆಗೆ ಬಂದ ದಾರಿಯಲ್ಲಿ ಕಣ್ಣೀರಿತ್ತು ಎಂದು ಒಪ್ಪಿಕೊಳ್ಳಬೇಕು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಸಾರಿದ ಗ್ರಂಥವನ್ನು ನಂಬುವವರಿಗೆ ಇದನ್ನು ಒಪ್ಪಿಕೊಳ್ಳುವುದು ಸೋಲಲ್ಲ. ಪಾಠಪುಸ್ತಕ ಇದನ್ನು ಹೇಳಲಾರದು. ಭಾಷಣ ಹೇಳಲಾರದು. ಒಂದು ಕಾದಂಬರಿ ಹೇಳಬಲ್ಲದು.

ಶತ್ರುವಿನ ಋಣ

ಅದೇ ಕಾಲದಲ್ಲಿ ನಡೆದ ಇನ್ನೊಂದು ಘಟನೆಯನ್ನೂ ಆಕೆ ನೋಡಬೇಕು. ಲಿಂಗರಾಜನ ಮಗ ದೊಡ್ಡ ವೀರರಾಜೇಂದ್ರ 1788ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ. ಜನರನ್ನು ಕೂಡಿಸಿ ಮೈಸೂರಿನ ಪಡೆಗಳನ್ನು ಒಂದೊಂದೇ ಠಾಣೆಯಿಂದ ಹೊರದೂಡಿದ. 1790ರ ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡ. ಮಡಿಕೇರಿಯ ಕೋಟೆಯೊಂದು ಮಾತ್ರ ಮೈಸೂರಿನವರ ಕೈಯಲ್ಲಿ ಉಳಿದಿತ್ತು. ಅದಕ್ಕೆ ಟಿಪ್ಪು ಜಾಫರಾಬಾದ್ ಎಂದು ಹೆಸರಿಟ್ಟಿದ್ದ.

ಕೋಟೆಯಲ್ಲಿ ಸಿಕ್ಕಿಬಿದ್ದವರಿಗೆ ಆಹಾರ ಸಾಮಗ್ರಿ ತಲುಪಿಸಲು ಮೈಸೂರಿನಿಂದ ಒಂದು ಪಡೆ ಹೊರಟಿತು. ಅದರ ನಾಯಕ ಖಾದರ್ ಖಾನ್ ಖೇಷ್ಗಿ. ಕೊಡಗಿನ ಕಾಡುದಾರಿಯಲ್ಲಿ ರಾಜನ ಜನ ಈ ಪಡೆಯನ್ನು ಸುತ್ತುವರಿದರು. ಒಂದು ಮಾತು ಹೇಳಿದರೆ ಸಾಕು, ಎಲ್ಲರ ಕಥೆ ಮುಗಿಯುತ್ತಿತ್ತು. ಆದರೆ ನಾಯಕ ಯಾರೆಂದು ರಾಜನಿಗೆ ತಿಳಿಯಿತು. ತನ್ನ ಕುಟುಂಬ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದಾಗ ಅವರಿಗೆ ಉಪಕಾರ ಮಾಡಿದವನು ಇದೇ ಖಾದರ್ ಖಾನ್. ರಾಜ ಅವನನ್ನು ಕೋಟೆಗೆ ಹೋಗಲು ಬಿಟ್ಟ. ಮುಂದೆ ಕೋಟೆ ರಾಜನಿಗೆ ಒಪ್ಪಿಸಲ್ಪಟ್ಟಿತು, ಒಳಗಿದ್ದವರು ಜೀವಸಹಿತ ಹೊರಟುಹೋದರು. ಗೆಲುವು ಕೈಯಲ್ಲಿದ್ದಾಗಲೂ ಉಪಕಾರ ಮರೆಯದ ರಾಜನ ಈ ನಡತೆಯನ್ನು ಕಂಪೆನಿಯ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ.

ಈ ಪ್ರಸಂಗ ನಮ್ಮ ವೇದಿಕೆಗಳಲ್ಲಿ ಏಕೆ ಕೇಳಿಬರುವುದಿಲ್ಲ? ಟಿಪ್ಪುವಿನ ಸೇನೆಯ ಒಬ್ಬ ಮುಸ್ಲಿಮ್ ಸರದಾರ ಸೆರೆಯಲ್ಲಿದ್ದ ಹಿಂದೂ ರಾಜಕುಟುಂಬದ ಮೇಲೆ ಕರುಣೆ ತೋರಿದ. ಆ ಹಿಂದೂ ರಾಜ ರಣರಂಗದಲ್ಲಿ ಆ ಋಣ ತೀರಿಸಿದ. ಇದರಲ್ಲಿ ಇಬ್ಬರೂ ದೊಡ್ಡವರು. ಬಹುಶಃ ಅದೇ ತೊಂದರೆ. ಇಬ್ಬರೂ ದೊಡ್ಡವರಾದ ಕಥೆ ಯಾರ ಮೆರವಣಿಗೆಗೂ ಉಪಯೋಗಕ್ಕೆ ಬರುವುದಿಲ್ಲ.

ಅಮ್ಮತ್ತಿಗೆ ಹತ್ತಿರದ ವಿರಾಜಪೇಟೆ ಹುಟ್ಟಿದ್ದೂ ಇದೇ ಕಾಲದಲ್ಲಿ. ಬ್ರಿಟಿಷ್ ಸೇನಾಪತಿ ಅಬರ್‌ಕ್ರಾಂಬಿಯನ್ನು ತಾನು ಭೇಟಿಯಾದ ನೆನಪಿಗೆ ರಾಜ 1792ರಲ್ಲಿ ಈ ಪೇಟೆಯನ್ನು ಕಟ್ಟಿಸಿ ತನ್ನ ಹೆಸರಿಟ್ಟ. ಶ್ರೀರಂಗಪಟ್ಟಣದಿಂದ ಓಡಿಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟ. ಹೀಗೆ ಇಂದಿನ ಕೊಡಗಿನ ಬಹುಭಾಷೆ, ಬಹುಮತಗಳ ಪೇಟೆಗಳು ಯುದ್ಧದ ಗಾಯದ ಮೇಲೆಯೇ ಬೆಳೆದವು.

ಪ್ರೇಮ ಎಲ್ಲಿದೆ?

ಚರಿತ್ರೆಯ ಕಾದಂಬರಿಗೆ ಪ್ರೇಮ ಬೇಕು. ಕೊಡಗಿನ ಚರಿತ್ರೆಯಲ್ಲಿ ಅದಕ್ಕೂ ಕೊರತೆಯಿಲ್ಲ. ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯಲ್ಲಿ 1796ರಲ್ಲಿ ದೊಡ್ಡ ವೀರರಾಜೇಂದ್ರ ಮಹಾದೇವಮ್ಮಾಜಿಯನ್ನು ಮದುವೆಯಾದ. ಮದುವೆಯ ಮಂಟಪ ಇಂದಿಗೂ ಅಲ್ಲಿದೆ. ಆಕೆ 1807ರಲ್ಲಿ ತೀರಿಕೊಂಡಾಗ ರಾಜ ಕುಸಿದುಹೋದ. ಅವನಿಗೆ ಆಕೆಯಲ್ಲಿ ಇದ್ದವರು ಹೆಣ್ಣುಮಕ್ಕಳು ಮಾತ್ರ. ಹಿರಿಯ ಮಗಳು ದೇವಮ್ಮಾಜಿಯನ್ನೇ ಉತ್ತರಾಧಿಕಾರಿಯೆಂದು ಒಪ್ಪಬೇಕೆಂದು ಕಂಪೆನಿಯನ್ನು ಕೇಳಿಕೊಂಡ. ತನ್ನ ಆಳ್ವಿಕೆಯ ಕಥೆಯನ್ನು 'ರಾಜೇಂದ್ರನಾಮೆ' ಎಂಬ ಕನ್ನಡ ಗ್ರಂಥವಾಗಿ ಬರೆಸಿದ. ಗ್ರಂಥದ ಹೆಸರಿನಲ್ಲಿರುವ 'ನಾಮೆ' ಪಾರಸಿಯದು ಎಂಬುದನ್ನು ಗಮನಿಸಬೇಕು. ಆದರೆ ಪ್ರೇಮದ ಈ ಕಥೆಯ ಕೊನೆ ಕತ್ತಲು. ದುಃಖ ಸಂಶಯವಾಗಿ, ಸಂಶಯ ಹುಚ್ಚಾಗಿ, ಸುತ್ತಲಿದ್ದ ಹಲವರನ್ನು ರಾಜ ಕೊಲ್ಲಿಸಿದ. 1809ರಲ್ಲಿ ಅವನೂ ತೀರಿಕೊಂಡ. ಮಗಳ ಪಟ್ಟ ಎರಡು ವರ್ಷವೂ ನೆಟ್ಟಗೆ ನಿಲ್ಲಲಿಲ್ಲ. ಚಿಕ್ಕಪ್ಪ ಲಿಂಗರಾಜೇಂದ್ರ ಅದನ್ನು ತನ್ನದಾಗಿಸಿಕೊಂಡ.

ಮಡಿಕೇರಿಯ ಗದ್ದಿಗೆಗೆ ಹೋದರೆ ವೀರರಾಜೇಂದ್ರ ಮತ್ತು ಮಹಾದೇವಮ್ಮಾಜಿಯರ ಸಮಾಧಿ ಕಾಣುತ್ತದೆ. ಮೇಲೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರಗಳು. ಟಿಪ್ಪುವಿನೊಂದಿಗೆ ಜೀವಮಾನವಿಡೀ ಹೋರಾಡಿದ ಲಿಂಗಾಯತ ರಾಜನ ಸಮಾಧಿ ಮುಸ್ಲಿಮ್ ವಾಸ್ತುಶೈಲಿಯಲ್ಲಿದೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೂ ಗುಮ್ಮಟವಿದೆ. ರಾಜಕೀಯದ ಹಗೆ ಕಟ್ಟಡ ಕಟ್ಟುವ ಕೈಗಳಿಗೆ ತಗಲಿರಲಿಲ್ಲ. ಇಂದು ಗುಮ್ಮಟ ಕಂಡಲ್ಲೆಲ್ಲ ಜಗಳ ಹುಡುಕುವವರು ಮಡಿಕೇರಿಗೆ ಒಮ್ಮೆ ಬಂದು ಹೋಗಬೇಕು.

ಲಂಡನ್ನಿನ ಕೊಡಗು ರಾಜಕುಮಾರಿ

ಯುವ ಓದುಗರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯಬಲ್ಲ ಕಥೆ ಮಾತ್ರ ಗೌರಮ್ಮನದು. ಇವಳು ಸಣ್ಣಕಥೆಗಳನ್ನು ಬರೆದು 1939ರಲ್ಲಿ ಅಕಾಲ ಮರಣಕ್ಕೀಡಾದ ಲೇಖಕಿ ಕೊಡಗಿನ ಗೌರಮ್ಮ ಅಲ್ಲ. ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು.

ರಾಜನ ತಂಗಿ ದೇವಮ್ಮಾಜಿ ಮತ್ತು ಆಕೆಯ ಗಂಡ ಚೆನ್ನಬಸಪ್ಪ 1832ರಲ್ಲಿ ಕೊಡಗಿನಿಂದ ತಪ್ಪಿಸಿಕೊಂಡು ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಅಲ್ಲಿಂದ ಬಿರುಕು ದೊಡ್ಡದಾಯಿತು. 1834ರ ಏಪ್ರಿಲಿನಲ್ಲಿ ಕಂಪೆನಿಯ ಸೇನೆ ಮಡಿಕೇರಿಗೆ ನುಗ್ಗಿತು. ಮೇ 7ರ ಘೋಷಣೆಯೊಂದಿಗೆ ಕೊಡಗು ಬ್ರಿಟಿಷರದಾಯಿತು. ರಾಜನನ್ನು ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ಹನ್ನೊಂದರ ಬಾಲೆಯನ್ನು ಕರೆದುಕೊಂಡು ತಂದೆ ಇಂಗ್ಲೆಂಡಿಗೆ ಹೊರಟ. ಕಂಪೆನಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಹಣವನ್ನು ಮರಳಿ ಪಡೆಯುವುದು ಅವನ ಮುಖ್ಯ ಉದ್ದೇಶ. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಆಕೆಗೆ ಕೊಟ್ಟಳು. ಬಾಲೆಯನ್ನು ಇಂಗ್ಲಿಷ್ ಕುಟುಂಬಗಳ ವಶಕ್ಕೆ ಒಪ್ಪಿಸಲಾಯಿತು. ವಿಂಟರ್‌ಹಾಲ್ಟರ್ ಚಿತ್ರ ಬರೆದ, ಮರೊಕೆಟ್ಟಿ ಶಿಲ್ಪ ಕಡೆದ.

ಮುಂದೆ ಬರುವುದು ಪ್ರೇಮದ ಅಧ್ಯಾಯ. ಪಂಜಾಬಿನ ಪಟ್ಟ ಕಳೆದುಕೊಂಡು, 1853ರಲ್ಲಿ ಕ್ರೈಸ್ತನಾಗಿ, ಮರುವರ್ಷ ಇಂಗ್ಲೆಂಡಿಗೆ ಬಂದಿದ್ದ ಮಹಾರಾಜ ದುಲೀಪ್ ಸಿಂಗ್ ಆಗ ಹದಿಹರೆಯದವ. ಇಬ್ಬರನ್ನೂ ಮದುವೆ ಮಾಡಬೇಕೆಂದು ರಾಣಿಯ ಆಸೆ. ರಾಜ್ಯವಿಲ್ಲದ ರಾಜ, ರಾಜ್ಯವಿಲ್ಲದ ರಾಜಕುಮಾರಿ, ಪರದೇಶ, ಅರಮನೆ. ಕಾದಂಬರಿಗೆ ಇನ್ನೇನು ಬೇಕು? ಆದರೆ ದುಲೀಪ್ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ಕರ್ನಲ್ ಜಾನ್ ಕ್ಯಾಂಬೆಲ್ ಎಂಬ, ತನಗಿಂತ ಬಹಳ ಹಿರಿಯ ವಿಧುರನನ್ನು ಮದುವೆಯಾದಳು. ಮರುವರ್ಷ ಈಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ ಕ್ಷಯರೋಗದಿಂದ ಗೌರಮ್ಮ ತೀರಿಕೊಂಡಳು. ತುಂಬಿದ ವಯಸ್ಸು ಇಪ್ಪತ್ತೆರಡು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಗೋರಿಯಿದೆ. ತಂದೆ 1859ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡಿದ್ದ. ಇಂಗ್ಲೆಂಡಿನಲ್ಲಿ ಕೊಡಗಿನ ರಾಜಕುಮಾರಿ ಎನಿಸಿಕೊಂಡ ಅವಳು ಒಮ್ಮೆಯೂ ಕೊಡಗನ್ನು ನೋಡಿರಲಿಲ್ಲ. ಕೊಡಗಿನವರೇ ಆದ ಸಿ.ಪಿ. ಬೆಳ್ಳಿಯಪ್ಪ 2010ರಲ್ಲಿ ಆಕೆಯ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೇಲೆ ಈ ಹೆಸರು ಮತ್ತೆ ಜನರ ಬಾಯಿಗೆ ಬಂತು.

ಗೌರಮ್ಮನ ಕಥೆಯನ್ನು ಬಣ್ಣದ ಪ್ರೇಮಕಥೆಯಾಗಿಸುವುದು ಸುಲಭ, ಅಪಾಯವೂ ಅಲ್ಲೇ ಇದೆ. ಆಕೆಯ ಹೆಸರು, ಧರ್ಮ, ಮನೆ, ವರ ಎಲ್ಲವನ್ನೂ ಬೇರೆಯವರೇ ಆರಿಸಹೊರಟಿದ್ದರು. 1785ರಲ್ಲಿ ಶ್ರೀರಂಗಪಟ್ಟಣದ ದಾರಿ ಹಿಡಿದ ಹೆಣ್ಣನ್ನು ಸೈನಿಕರು ಎಳೆದೊಯ್ದರು. 1852ರಲ್ಲಿ ಗೌರಮ್ಮನನ್ನು ಸಾರೋಟಿನಲ್ಲಿ, ರೇಷ್ಮೆ ಉಡಿಸಿ, ತಂದೆಯ ಒಪ್ಪಿಗೆಯೊಂದಿಗೇ ಕರೆದೊಯ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದರಲ್ಲಿ ಕತ್ತಿ ಇತ್ತು, ಇನ್ನೊಂದರಲ್ಲಿ ಉಡುಗೊರೆ ಇತ್ತು. ಆದರೆ ಎರಡು ಕಡೆಯೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಮಗಳೇ, ನಿನಗೆ ಏನು ಬೇಕು? ಮೊದಲನೆಯದನ್ನು ಕೊಡಗು ಇಂದಿಗೂ ಮರೆತಿಲ್ಲ. ಎರಡನೆಯದನ್ನು ನಾವು ರಮ್ಯ ಕಥೆಯೆಂದು ಓದುತ್ತೇವೆ. ಈ ವ್ಯತ್ಯಾಸವೂ ಒಂದು ಚರಿತ್ರೆಯೇ. ನಮಗೆ ಚರಿತ್ರೆ ಬರೆದುಕೊಟ್ಟವರಲ್ಲಿ ಹೆಚ್ಚಿನವರು ಯಾರ ಕಡೆಯವರಾಗಿದ್ದರು ಎಂಬುದನ್ನು ಅದು ಹೇಳುತ್ತದೆ.

ಹೊತ್ತೊಯ್ಯುವ ಗಂಟು

ಕನ್ನಡದಲ್ಲಿ ಕೊಡಗಿನ ಚರಿತ್ರೆ ಕಾದಂಬರಿಯಾದದ್ದು ಹೊಸದಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಚಿಕವೀರ ರಾಜೇಂದ್ರ' ಪ್ರಕಟವಾದದ್ದು 1956ರಲ್ಲಿ. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿದ್ದೂ ಅದೇ ವರ್ಷ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಆ ಕಾದಂಬರಿ ಮತ್ತೆ ಎಲ್ಲರ ಗಮನಕ್ಕೆ ಬಂತು. ದೊರೆ ಕೆಟ್ಟವನಾದರೂ ಅವನನ್ನು ಮನುಷ್ಯನಾಗಿ ನೋಡುವುದು ಹೇಗೆಂದು ಅದು ತೋರಿಸಿಕೊಟ್ಟಿತು. ನಮ್ಮ ಹದಿಹರೆಯದ ಓದುಗರಿಗೆ ಬೇಕಾಗಿರುವುದು ಅಂಥದೇ ನೋಟ, ಅವರದೇ ಮಾತಿನಲ್ಲಿ, ಅವರದೇ ವಯಸ್ಸಿನ ಪಾತ್ರದ ಮೂಲಕ.

ಇದು ಸಾಹಿತ್ಯದ ಹವ್ಯಾಸದ ಪ್ರಶ್ನೆ ಮಾತ್ರವಲ್ಲ. 2015ರ ನವೆಂಬರ್ 10ರಂದು, ಸರಕಾರ ಟಿಪ್ಪು ಜಯಂತಿ ಆಚರಿಸಿದ ದಿನ, ಮಡಿಕೇರಿಯಲ್ಲಿ ಘರ್ಷಣೆಯಾ‍ಯಿತು, ಜೀವಹಾನಿಯೂ ಆಯಿತು. 2019ರ ಜುಲೈಯಲ್ಲಿ ಬದಲಾದ ಸರಕಾರ ಆಚರಣೆಯನ್ನು ರದ್ದುಗೊಳಿಸಿತು. ಆಚರಣೆ ಬಂತು, ಹೋಯಿತು. ಆದರೆ ಆ ದಿನಗಳಲ್ಲಿ ಬೆಳೆದ ಮಕ್ಕಳ ಕೈಯಲ್ಲಿ ಉಳಿದದ್ದು ಚರಿತ್ರೆಯ ಒಂದೊಂದು ವಾಕ್ಯ ಮಾತ್ರ. ಒಂದು ಮನೆಯಲ್ಲಿ 'ಅವರು ನಮ್ಮನ್ನು ಸೆರೆಹಿಡಿದರು' ಎಂಬ ವಾಕ್ಯ. ಇನ್ನೊಂದು ಮನೆಯಲ್ಲಿ 'ಅದೆಲ್ಲ ಬ್ರಿಟಿಷರು ಕಟ್ಟಿದ ಸುಳ್ಳು' ಎಂಬ ವಾಕ್ಯ. ಕೊಡವ ಮಾಪ್ಪಿಳೆ ಮನೆಯ ಹುಡುಗಿ ಇವೆರಡರ ನಡುವೆ ನಿಂತಿದ್ದಾಳೆ. ಸೆರೆಯಾದವರೂ ಅವಳವರೇ, ಇಂದು ಸೆರೆಹಿಡಿದವರ ಕಡೆಯವರೆಂದು ಬೊಟ್ಟು ಮಾಡಿ ತೋರಿಸುವುದೂ ಅವಳನ್ನೇ. ಎರಡು ವಾಕ್ಯಗಳಲ್ಲಿ ಯಾವುದರಲ್ಲೂ ಅವಳಿಗೆ ಜಾಗವಿಲ್ಲ.

ಕಾಲಯಾನದ ಕಥೆಗಳು ಒಂದು ಎಚ್ಚರಿಕೆಯನ್ನೂ ಕೊಡುತ್ತವೆ. ಮಾರ್ಕ್ ಟ್ವೇನನ ನಾಯಕ ತನ್ನ ಕಾಲದ ಜಾಣತನ, ಯಂತ್ರ, ಮದ್ದುಗುಂಡುಗಳನ್ನು ಹಿಂದಿನ ಕಾಲಕ್ಕೆ ಹೊತ್ತೊಯ್ದು ಕೊನೆಗೆ ಸಾವಿರಾರು ಜನರ ಸಾವಿಗೆ ಕಾರಣನಾಗುತ್ತಾನೆ. ಇಂದಿನ ದ್ವೇಷದ ಗಂಟನ್ನು ಹೊತ್ತು 1785ಕ್ಕೆ ಹೋಗುವ ಕಾದಂಬರಿಯೂ ಅದನ್ನೇ ಮಾಡೀತು. ಅಲ್ಲಿ ಎಲ್ಲ ಮುಸ್ಲಿಮರೂ ಕಟುಕರು ಅಥವಾ ಎಲ್ಲ ಸುಲ್ತಾನರೂ ಸಂತರು. ಹಿಂದೂ ಹುಡುಗಿಗೊಬ್ಬ ರಕ್ಷಕ, ಮುಸ್ಲಿಮ್ ಹುಡುಗಿಗೊಬ್ಬ ವಿಮೋಚಕ. ಅಂತಹ ಪುಸ್ತಕಗಳಿಗೆ ಮಾರುಕಟ್ಟೆ ಇದೆ, ಚಲನಚಿತ್ರಗಳಿಗೆ ಇನ್ನೂ ದೊಡ್ಡ ಮಾರುಕಟ್ಟೆ ಇದೆ. ನಾವು ಬರೆಯದಿದ್ದರೆ ಅವೇ ಬರುತ್ತವೆ.

ಬರೆಯಲು ಸಾಮಗ್ರಿ ಧಾರಾಳವಾಗಿದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಕೊಡವರ ಹಾಡು, ಗಾದೆ, ಆಚಾರಗಳಿವೆ. ಮೋಗ್ಲಿಂಗ್ 1855ರಲ್ಲಿ ಬರೆದ ಕೊಡಗಿನ ವೃತ್ತಾಂತವಿದೆ, ರಿಕ್ಟರನ ಗೆಜೆಟಿಯರಿದೆ. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಮನೆಮನೆಗಳಲ್ಲಿ ಹಿರಿಯರು ಹೇಳುವ ಕಥೆಗಳು. ಅವು ಪ್ರತಿ ವರ್ಷವೂ ಒಂದೊಂದು ಮರಣದೊಂದಿಗೆ ಕಡಿಮೆಯಾಗುತ್ತಿವೆ. ಅಮ್ಮತ್ತಿ, ವಿರಾಜಪೇಟೆ, ಸಿದ್ದಾಪುರಗಳ ಶಾಲೆ ಕಾಲೇಜುಗಳ ಮಕ್ಕಳು ರಜಾ ದಿನಗಳಲ್ಲಿ ತಮ್ಮ ಅಜ್ಜಿಯರ ಬಳಿ ಕುಳಿತು, ನಮ್ಮ ಮನೆತನದ ಹೆಸರು ಎಲ್ಲಿಂದ ಬಂತು ಎಂದು ಕೇಳಿ ಬರೆದಿಟ್ಟರೆ, ಕಾದಂಬರಿಯ ಮೊದಲ ಅಧ್ಯಾಯ ಅಲ್ಲೇ ಸಿದ್ಧವಾಗುತ್ತದೆ. ಕೊಡವ ಮನೆಯ ಹುಡುಗ ಮಾಪ್ಪಿಳೆ ಮನೆಯ ಕಥೆಯನ್ನು, ಮಾಪ್ಪಿಳೆ ಮನೆಯ ಹುಡುಗಿ ಯರವರ ಕಥೆಯನ್ನು ಬರೆದುಕೊಂಡರೆ ಇನ್ನೂ ಒಳ್ಳೆಯದು.

ಕಳೆದುಹೋದದ್ದನ್ನು ಯಾವ ಯಾತ್ರಿಕನೂ ಬದಲಿಸಲಾರ. ಕಾಲಯಾನದ ಒಳ್ಳೆಯ ಕಥೆಗಳೆಲ್ಲ ಕೊನೆಗೆ ಒಪ್ಪಿಕೊಳ್ಳುವ ಸತ್ಯ ಇದು. 1785ರ ಸಾಲಿನಿಂದ ಒಬ್ಬ ಸೆರೆಯಾಳನ್ನೂ ನಾವು ಬಿಡಿಸಲಾರೆವು, ಬ್ರಾಂಪ್ಟನ್ನಿನ ಗೋರಿಯಲ್ಲಿರುವ ಗೌರಮ್ಮನಿಗೆ ಕೊಡಗನ್ನು ತೋರಿಸಲಾರೆವು. ಆದರೆ ಹೋಗಿ ನೋಡಿದವರು ಬದಲಾಗಿ ಬರಬಹುದು. ಖಾದರ್ ಖಾನ್ ಖೇಷ್ಗಿಯ ಉಪಕಾರವನ್ನೂ ವೀರರಾಜೇಂದ್ರನ ಕೃತಜ್ಞತೆಯನ್ನೂ ಕಣ್ಣಾರೆ ಕಂಡ ಹುಡುಗಿ ಮರಳಿ ಬಂದು ಅಮ್ಮತ್ತಿಯ ಪೇಟೆಯಲ್ಲಿ ನಡೆದರೆ, ಎದುರಿಗೆ ಬಂದವನ ಮುಖದಲ್ಲಿ ಅವಳಿಗೆ ಶತ್ರು ಕಾಣಲಾರ. ಹಳೆಯ ಋಣವಿರುವ ನೆರೆಯವ ಕಂಡಾನು.